ಜಾರ್ಜ್ ನಾಕಾಶಿಮಾ: ಮರ, ಶ್ರಮ ಮತ್ತು ಆಧುನಿಕತೆ

ಇಪ್ಪತ್ತನೆಯ ಶತಮಾನದ ನಡುಭಾಗದ ಪೀಠೋಪಕರಣ ವಿನ್ಯಾಸದ ಚರಿತ್ರೆಯು ಬಹುಮಟ್ಟಿಗೆ ಕಾರ್ಖಾನೆಯ ಚರಿತ್ರೆಯಾಗಿದೆ. ಬಾಗಿಸಿದ ಪ್ಲೈವುಡ್, ಉಕ್ಕಿನ ಕೊಳವೆ, ಫೈಬರ್‌ಗ್ಲಾಸ್‌ಗಳಿಂದ ಒಂದೇ ಅಚ್ಚಿನ ಕುರ್ಚಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸುವುದು ಆ ಕಾಲದ ಆದರ್ಶವಾಗಿತ್ತು. ಅದೇ ಕಾಲದಲ್ಲಿ ಅಮೆರಿಕದ ಜಾರ್ಜ್ ನಾಕಾಶಿಮಾ (1905–1990) ಬಡಗಿಯ ಕೈಯನ್ನೂ ಮರದ ಸ್ವಭಾವವನ್ನೂ ವಿನ್ಯಾಸದ ಕೇಂದ್ರದಲ್ಲಿರಿಸಿದರು. ಈ ನಿಲುವು ರೂಪುಗೊಂಡ ಬಗೆಯನ್ನು ಅವರ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಜಪಾನೀ ವಲಸಿಗ ದಂಪತಿಗಳ ಮಗನಾಗಿ ಜನಿಸಿದ ನಾಕಾಶಿಮಾ ಅವರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ ಪಡೆದರು. 1934ರಲ್ಲಿ ಟೋಕಿಯೊದ ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ಅವರ ಕಚೇರಿಯನ್ನು ಸೇರಿದರು. ಆ ಕಚೇರಿ ಪಾಂಡಿಚೇರಿಯ ಅರವಿಂದಾಶ್ರಮಕ್ಕಾಗಿ ರೂಪಿಸಿದ ಗೋಲ್ಕೊಂಡ ವಸತಿಗೃಹದ ನಿರ್ಮಾಣವನ್ನು ನೋಡಿಕೊಳ್ಳಲು 1937ರಲ್ಲಿ ಭಾರತಕ್ಕೆ ಬಂದರು. ಅಲ್ಲಿ ವೇತನವನ್ನು ತೊರೆದು ಆಶ್ರಮವಾಸಿಯಾದರು. ಸುಂದರಾನಂದ ಎಂಬ ಹೆಸರನ್ನೂ ಪಡೆದರು. ಕೈಕೆಲಸವನ್ನು ಕರ್ಮಯೋಗವೆಂದು ಬಗೆಯುವ ಅವರ ದೃಷ್ಟಿಗೆ ಈ ಘಟ್ಟವೇ ತಳಹದಿ. 1940ರಲ್ಲಿ ಅಮೆರಿಕಕ್ಕೆ ಮರಳಿದಾಗ, ನಕ್ಷೆ ಬರೆಯುವವನೂ ಕಟ್ಟುವವನೂ ಬೇರೆಬೇರೆಯಾಗಿರುವ ವಾಸ್ತುಶಿಲ್ಪದ ವೃತ್ತಿಯನ್ನು ಬಿಟ್ಟು ಪೀಠೋಪಕರಣದತ್ತ ತಿರುಗಿದರು.

ಆದರೆ ಅವರಿಗೆ ಮರಗೆಲಸದ ಆಳವಾದ ಶಿಕ್ಷಣ ದೊರೆತದ್ದು ಸೆರೆಯಲ್ಲಿ. ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ ಅಮೆರಿಕ ಸರ್ಕಾರವು ಜಪಾನೀ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಬಂಧಿಸಿತು. ಅವರಲ್ಲಿ ಹೆಚ್ಚಿನವರು ಆ ದೇಶದ ಪ್ರಜೆಗಳೇ. 1942ರಲ್ಲಿ ನಾಕಾಶಿಮಾ, ಪತ್ನಿ ಮೇರಿಯನ್ ಹಾಗೂ ಹಸುಗೂಸು ಮೀರಾ ಐಡಹೊದ ಮಿನಿಡೋಕ ಶಿಬಿರವನ್ನು ಸೇರಬೇಕಾಯಿತು. ಅಲ್ಲಿ ಜೆಂಟಾರೊ ಹಿಕೊಗಾವಾ ಎಂಬ ಬಡಗಿಯ ಜೊತೆ ಚೂರುಪಾರು ಮರದಲ್ಲಿ ದುಡಿಯುತ್ತ, ಜಪಾನೀ ಕೈಹತ್ಯಾರಗಳ ಬಳಕೆಯನ್ನೂ ಜೋಡಣೆಯ ಕ್ರಮಗಳನ್ನೂ ಕಲಿತರು. ಪದವೀಧರ ವಾಸ್ತುಶಿಲ್ಪಿ ಬಡಗಿಯ ಶಿಷ್ಯನಾದ ಈ ಸಂಗತಿ ಗಮನಾರ್ಹ.

1943ರಲ್ಲಿ ರೇಮಂಡ್ ಅವರ ಪ್ರಯತ್ನದಿಂದ ಬಿಡುಗಡೆಗೊಂಡು, ಪೆನ್ಸಿಲ್ವೇನಿಯದ ನ್ಯೂ ಹೋಪ್‌ನಲ್ಲಿ ನೆಲೆಸಿ, ಮುಂದೆ ಅಲ್ಲಿಯೇ ಸ್ವಂತ ಕಾರ್ಯಾಗಾರವನ್ನು ಕಟ್ಟಿದರು. ಅವರ ಮೇಜುಗಳಲ್ಲಿ ಹಲಗೆಯ ಅಂಚು ಮರದ ಸಹಜ ರೇಖೆಯನ್ನೇ ಅನುಸರಿಸುತ್ತದೆ. ಗಂಟುಗಳನ್ನು ಕತ್ತರಿಸಿ ತೆಗೆಯುವುದಿಲ್ಲ. ಬಿರುಕನ್ನು ಮುಚ್ಚುವುದರ ಬದಲು ಚಿಟ್ಟೆಯಾಕಾರದ ಮರದ ತುಂಡನ್ನು ಅಡ್ಡಲಾಗಿ ಕೂರಿಸಿ ಹಿಡಿದಿಡಲಾಗುತ್ತದೆ. ಹಳೆಯ ಈ ಜೋಡಣೆ ಅವರಲ್ಲಿ ಎದ್ದುಕಾಣುವ ಅಲಂಕಾರವೂ ಆಯಿತು.

ಆದರೂ ಅವರನ್ನು ಯಂತ್ರವಿರೋಧಿಯೆಂದು ಸರಳೀಕರಿಸಲಾಗದು. ನೋಲ್ ಮುಂತಾದ ತಯಾರಕರಿಗೆ ಅವರು ವಿನ್ಯಾಸಗಳನ್ನು ನೀಡಿದರು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. 1973ರಲ್ಲಿ ನೆಲ್ಸನ್ ರಾಕ್‌ಫೆಲರ್ ಅವರ ಮನೆಗಾಗಿ ಇನ್ನೂರಕ್ಕೂ ಹೆಚ್ಚು ಪೀಠೋಪಕರಣಗಳ ಬೇಡಿಕೆ ಬಂದಿತು. ಸರಳತೆಯ ಸಾಧನೆ ಸಿರಿವಂತರ ಸಂಗ್ರಹವಾದ ಈ ವೈರುಧ್ಯವನ್ನು ಅವರ ಮೌಲ್ಯಮಾಪನದಲ್ಲಿ ಕಡೆಗಣಿಸುವಂತಿಲ್ಲ. ಪ್ರಾಯಶಃ ಇದಕ್ಕೆ ಉತ್ತರವೆಂಬಂತಿರುವುದು ಅವರ ಶಾಂತಿವೇದಿಕೆಗಳ ಕಲ್ಪನೆ. ಬೃಹತ್ ಅಕ್ರೋಟು ಮರದ ಹಲಗೆಗಳಿಂದಾದ ಮೊದಲ ವೇದಿಕೆ 1986ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲ್ಲಿನಲ್ಲಿ ಪ್ರತಿಷ್ಠಾಪಿತವಾಯಿತು. ಅವರ ಮರಣಾನಂತರ ಇನ್ನೊಂದು ಆರೋವಿಲ್ಲಿಗೆ ಬಂದಿತು. ತನ್ನನ್ನು ಬಂಧಿಸಿದ ದೇಶಕ್ಕೂ ತನಗೆ ದೃಷ್ಟಿ ನೀಡಿದ ನೆಲಕ್ಕೂ ಕುಶಲಕರ್ಮಿಯೊಬ್ಬ ತನ್ನ ಶ್ರಮವನ್ನೇ ಉತ್ತರವಾಗಿ ನೀಡಿದ ಬಗೆಯಿದು.