ಪದವಿಯಿಲ್ಲದ ಪ್ರಾಧ್ಯಾಪಕ

ಗಣಕ ತರ್ಕ ಹಾಗೂ ಗಣಕ ಭಾಷಾವಿಜ್ಞಾನದ ಸಮ್ಮೇಳನಗಳು ಸಂಶೋಧನಾ ಪ್ರಬಂಧಗಳನ್ನು ಆಹ್ವಾನಿಸಿ ಹೊರಡಿಸುವ ಪ್ರಕಟಣೆಗಳನ್ನು ನಾನು ನಿವೃತ್ತಿಯ ನಂತರ ಕುತೂಹಲದಿಂದ ಓದುತ್ತಿರುತ್ತೇನೆ. ಪುಟಗಳ ಮಿತಿ, ಕೊನೆಯ ದಿನಾಂಕ ಮುಂತಾದ ಷರತ್ತುಗಳ ನಡುವೆ ಅವುಗಳಲ್ಲಿ ಹಲವು ಇನ್ನೊಂದು ಸೂಚನೆಯನ್ನೂ ಕೊಡುತ್ತವೆ. ಪರಿಶೀಲನೆಗೆ ಕಳುಹಿಸುವ ಪ್ರತಿಯಲ್ಲಿ ಲೇಖಕರ ಹೆಸರಾಗಲಿ, ಅವರ ಸಂಸ್ಥೆಯ ಹೆಸರಾಗಲಿ ಇರಕೂಡದು. ಕಡತಗಳ ನಡುವೆಯೇ ಆಯುಷ್ಯ ಸವೆಸಿದ ನನ್ನಂಥವನಿಗೆ ಇದು ವಿಚಿತ್ರವೆನಿಸುತ್ತದೆ. ನಮ್ಮಲ್ಲಿ ಅರ್ಜಿಯ ಮೊದಲ ಅಂಕಣವೇ ಹೆಸರು. ಆಮೇಲೆ ಹುದ್ದೆ, ವಿದ್ಯಾರ್ಹತೆ. ಈ ಕ್ಷೇತ್ರದ ಮೂಲಪುರುಷರಲ್ಲಿ ಒಬ್ಬರಾದ ಜಾರ್ಜ್ ಬೂಲ್, ತಡವಾಗಿ ಬಂದ ಗೌರವ ಪದವಿಗಳನ್ನು ಬಿಟ್ಟರೆ, ವಿದ್ಯಾರ್ಹತೆಯ ಅಂಕಣವನ್ನು ಖಾಲಿಯಾಗಿಯೇ ಬಿಡಬೇಕಾಗಿದ್ದವರು.

ಬೂಲ್ ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ. ತಂದೆ ಚಮ್ಮಾರ. ಆದರೆ ಜೋಡು ಹೊಲಿಯುವುದಕ್ಕಿಂತ ದೂರದರ್ಶಕ ತಯಾರಿಸುವುದರಲ್ಲಿಯೇ ಅವರಿಗೆ ಹೆಚ್ಚು ಆಸಕ್ತಿ. ಅಂಗಡಿ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ. ಮಗನಿಗೆ ಲ್ಯಾಟಿನ್ ಕಲಿಸಿದವರು ಊರಿನ ಪುಸ್ತಕ ವ್ಯಾಪಾರಿ. ಗ್ರೀಕ್ ಭಾಷೆಯನ್ನು ಹುಡುಗ ತಾನೇ ಕಲಿತ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಅನುವಾದಿಸಿದ ಗ್ರೀಕ್ ಕವಿತೆಯೊಂದು ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಈ ವಯಸ್ಸಿನವನು ಇಂಥದ್ದನ್ನು ಬರೆದಿರಲು ಸಾಧ್ಯವಿಲ್ಲವೆಂದು ಉಪಾಧ್ಯಾಯರೊಬ್ಬರು ಅದೇ ಪತ್ರಿಕೆಯಲ್ಲಿ ಆಕ್ಷೇಪವೆತ್ತಿದರು. ಬರಹವನ್ನು ಬದಿಗಿಟ್ಟು ಬರೆದವನನ್ನು ತೂಗುವ ಪದ್ಧತಿಯ ಪರಿಚಯ ಬೂಲ್‌ಗೆ ಹೀಗೆ ಬಾಲ್ಯದಲ್ಲೇ ಆಯಿತು.

ತಂದೆಯ ವ್ಯಾಪಾರ ಕುಸಿದಾಗ ಹದಿನಾರರ ಹುಡುಗ ಡಾಂಕಾಸ್ಟರ್‌ನಲ್ಲಿ ಸಹಾಯಕ ಉಪಾಧ್ಯಾಯನಾದ. ತಂದೆ ತಾಯಿ, ಒಡಹುಟ್ಟಿದವರ ಹೊಣೆ ಅವನ ಮೇಲೆಯೇ ಬಿತ್ತು. ಗಣಿತದ ಕಡೆಗೆ ಒಲಿದದ್ದಕ್ಕೆ ಕಾರಣವೂ ಬಡತನವೇ ಎನ್ನುತ್ತಾರೆ: ಬೇರೆ ಪುಸ್ತಕಗಳು ಬೇಗ ಮುಗಿದುಹೋಗುತ್ತವೆ, ಗಣಿತದ ಪುಸ್ತಕವೊಂದನ್ನು ಕೊಂಡರೆ ತಿಂಗಳುಗಟ್ಟಲೆ ಬಾಳಿಕೆ ಬರುತ್ತದೆ! ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಲೆಕ್ಕಾಚಾರದಲ್ಲಿ ನಾನು ದೋಷ ಕಾಣಲಾರೆ. ಹತ್ತೊಂಬತ್ತಕ್ಕೆ ಲಿಂಕನ್‌ನಲ್ಲಿ ಸ್ವಂತ ಶಾಲೆ ತೆರೆದು, ಹಗಲು ಪಾಠ ಹೇಳಿ, ರಾತ್ರಿ ಫ್ರೆಂಚ್ ಗಣಿತಜ್ಞರ ಗ್ರಂಥಗಳನ್ನು ಒಬ್ಬರೇ ಓದಿ ಅರಗಿಸಿಕೊಂಡರು.

1837ರಲ್ಲಿ ಕೇಂಬ್ರಿಜ್‌ನ ಕೆಲವು ತರುಣರು ಗಣಿತ ಪತ್ರಿಕೆಯೊಂದನ್ನು ಆರಂಭಿಸಿದ್ದರು. ಸಂಪಾದಕ ಡಂಕನ್ ಗ್ರೆಗರಿ. ಲಿಂಕನ್‌ನ ಅನಾಮಿಕ ಶಾಲಾ ಮಾಸ್ತರು ಕಳುಹಿಸಿದ ಲೇಖನಗಳಲ್ಲಿ ಹುರುಳಿತ್ತು. ಆದರೆ ಪ್ರಕಟಣೆಗೆ ಬೇಕಾದ ಶಿಸ್ತು ಇರಲಿಲ್ಲ. ಗ್ರೆಗರಿ ಅವನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳಲಿಲ್ಲ. ಹೇಗೆ ತಿದ್ದಬೇಕೆಂದು ತಿಳಿಸಿಕೊಟ್ಟು, ತಿದ್ದಿಸಿ ಅಚ್ಚು ಹಾಕಿದರು. ಪದವಿಗಾಗಿ ಕೇಂಬ್ರಿಜ್ ಸೇರಬೇಕೆಂಬ ಯೋಚನೆ ಬಂದಾಗ ಅದರ ಕಷ್ಟಗಳನ್ನೂ ಅವರೇ ಬಿಡಿಸಿ ಹೇಳಿದರು. ಕುಟುಂಬ ಸಾಕಬೇಕಾದ ಬೂಲ್ ಆ ಆಸೆಯನ್ನು ಕೈಬಿಟ್ಟರು.

1844ರಲ್ಲಿ ಬೂಲ್ ದೀರ್ಘ ಪ್ರಬಂಧವೊಂದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದರು. ಲೇಖಕ ಯಾರೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ಕಾರಣಕ್ಕೇ ಅದನ್ನು ಪರಿಶೀಲಿಸದೆ ತಳ್ಳಿಹಾಕುವ ಮಾತು ಬಂತು. ಲೇಖಕ ಅಪರಿಚಿತನೆಂಬುದು ಪ್ರಬಂಧದ ದೋಷವಾಗಲಾರದೆಂದು ಸದಸ್ಯರೊಬ್ಬರು ವಾದಿಸಿದ್ದರಿಂದ ಅದು ಪರಿಶೀಲಕರ ಕೈಗೆ ಹೋಯಿತು. ಒಬ್ಬ ಪರಿಶೀಲಕ ತಿರಸ್ಕರಿಸಿ ಎಂದರು. ಇನ್ನೊಬ್ಬರು ಪದಕಕ್ಕೇ ಶಿಫಾರಸು ಮಾಡಿದರು. ಆ ವರ್ಷದ ರಾಯಲ್ ಪದಕ ಬೂಲ್‌ಗೆ ಸಂದಿತು. ಅಂದು ಒಬ್ಬ ಸದಸ್ಯ ಬಾಯಿ ತೆರೆಯದೆ ಕುಳಿತಿದ್ದರೆ ಕಡತ ಅಲ್ಲಿಗೇ ಮುಕ್ತಾಯವಾಗುತ್ತಿತ್ತು. ಸಭೆಗಳಲ್ಲಿ ಕುಳಿತು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಹೊಸ ಕ್ವೀನ್ಸ್ ಕಾಲೇಜು, ಪದವಿಯಿಲ್ಲದ ಈ ಮಾಸ್ತರನ್ನು ತನ್ನ ಮೊದಲ ಗಣಿತ ಪ್ರಾಧ್ಯಾಪಕನಾಗಿ ನೇಮಿಸಿತು. ಮಹಾಕ್ಷಾಮದ ಗಾಯ ಇನ್ನೂ ಹಸಿಯಾಗಿದ್ದ ನಾಡು ಅದು. ಅಲ್ಲಿದ್ದಾಗಲೇ, 1854ರಲ್ಲಿ, ಚಿಂತನೆಯ ನಿಯಮಗಳನ್ನು ಕುರಿತ ಅವರ ಮಹಾಗ್ರಂಥ ಹೊರಬಂತು.

ಗಣಿತದ್ದೆಂದು ಹೆಸರಾದ ಈ ಗ್ರಂಥ ಆರಂಭವಾಗುವುದು ಭಾಷೆಯಿಂದ. ವಿವೇಚನೆಯ ಸಾಧನವೇ ಭಾಷೆ ಎಂಬುದು ಅವರ ನಿಲುವು. ಬಿಳಿಯ ವಸ್ತುಗಳಿಗೆಲ್ಲ ಒಂದು ಅಕ್ಷರ, ಕುರಿಗಳಿಗೆಲ್ಲ ಇನ್ನೊಂದು ಅಕ್ಷರ ಕೊಟ್ಟರೆ ಎರಡರ ಗುಣಲಬ್ಧವೇ ಬಿಳಿಯ ಕುರಿಗಳು. ಅಕ್ಷರಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡದು. ಬಿಳಿ ಎಂಬುದನ್ನು ಬಿಳಿಯಿಂದಲೇ ಗುಣಿಸಿದರೆ ಸಿಗುವುದು ಬಿಳಿಯೇ. ಸಾಮಾನ್ಯ ಸಂಖ್ಯೆಗಳಲ್ಲಿ ಈ ನಿಯಮಕ್ಕೆ ಒಳಪಡುವವು ಎರಡೇ, ಸೊನ್ನೆ ಮತ್ತು ಒಂದು. ಸೊನ್ನೆಯೆಂದರೆ ಏನೂ ಇಲ್ಲ, ಒಂದೆಂದರೆ ಸಮಸ್ತ. ಹೌದು ಅಲ್ಲಗಳ ಲೋಕವೆಲ್ಲ ಈ ಎರಡು ಅಂಕಿಗಳೊಳಗೆ ಬಂದು ಕುಳಿತಿತು.

ಪದವನ್ನು ಎರಡು ಬಾರಿ ಹೇಳಿ ಗುಣವನ್ನು ಹೆಚ್ಚಿಸುವ ರೂಢಿಯುಂಟೆಂದು ಬೂಲ್ ಗಮನಿಸಿದ್ದರು. ಅದು ಮುಖ್ಯವಲ್ಲವೆಂದು ಮುಂದೆ ಸಾಗಿದರು. ಕನ್ನಡಿಗನಾಗಿ ನಾನು ಇಲ್ಲಿ ತಡೆದು ನಿಲ್ಲುತ್ತೇನೆ. ಮನೆಗೆ ಹಾಲು ತಂದವನೂ ಮನೆಮನೆಗೆ ಹಾಲು ತಂದವನೂ ಒಂದೇ ಕೆಲಸ ಮಾಡಿದವರಲ್ಲ. ನಮ್ಮ ದ್ವಿರುಕ್ತಿಯಲ್ಲಿ ಒಂದು ಸಂಖ್ಯಾವಾಚಕವೇ ಅಡಗಿದೆ. ಗಣಕಕ್ಕೆ ಕನ್ನಡ ಕಲಿಸಹೊರಟವರು ಇಂಥ ನೂರು ತೊಡಕುಗಳನ್ನು ಬಿಡಿಸಬೇಕಾಗುತ್ತದೆ. ಇವನ್ನು ಸೂಕ್ಷ್ಮವಾಗಿ ಬಲ್ಲವರು ವಿಶ್ವವಿದ್ಯಾಲಯದ ವಿಭಾಗಗಳಲ್ಲಷ್ಟೇ ಇಲ್ಲ. ಹಳ್ಳಿಯ ಪ್ರೌಢಶಾಲೆಯ ಕನ್ನಡ ಪಂಡಿತರಿದ್ದಾರೆ, ಮುದ್ರಣಾಲಯದ ಕರಡು ತಿದ್ದುವವರಿದ್ದಾರೆ. ನಮ್ಮ ಸಂಸ್ಥೆಗಳು ಪ್ರಬಂಧ ಆಹ್ವಾನಿಸುವಾಗ ಸ್ನಾತಕೋತ್ತರ ಪದವಿ, ಮುಖ್ಯಸ್ಥರ ಸಹಿ, ಸೂಕ್ತ ಮಾರ್ಗ ಇತ್ಯಾದಿಗಳನ್ನು ಕೇಳಿದರೆ ಇವರಾರೂ ಬಾಗಿಲ ಬಳಿಗೂ ಬರಲಾರರು. ನೇಮಕಾತಿಗೆ ಅರ್ಹತಾ ನಿಯಮ ಬೇಕು. ಅದಿಲ್ಲದಿದ್ದರೆ ಶಿಫಾರಸುಪತ್ರಗಳ ರಾಜ್ಯಭಾರವಾಗುತ್ತದೆ. ಪ್ರಬಂಧಕ್ಕೆ ಅದರ ಅಗತ್ಯವಿಲ್ಲ. ಪ್ರಬಂಧ ಎದುರಿಗೇ ಇರುತ್ತದೆ, ಓದಿದರಾಯಿತು.

ಅರ್ಥಶಾಸ್ತ್ರದ ತರಗತಿಗಳಲ್ಲಿ ಸೀಮಾಂತ ತುಷ್ಟಿಗುಣದ ಪ್ರತಿಪಾದಕರೆಂದು ನಾವು ಓದಿದ ಜೆವನ್ಸ್ ಕೂಡ ಬೂಲ್ ಅವರೊಡನೆ ಪತ್ರಮುಖೇನ ವಾದಿಸಿದವರು. ಒಂದು ವರ್ಗಕ್ಕೆ ಅದನ್ನೇ ಕೂಡಿಸಿದರೆ ಅದೇ ಉಳಿಯಬೇಕೆಂಬುದು ಜೆವನ್ಸ್ ಪಟ್ಟು. ಬೂಲ್ ಒಪ್ಪಲಿಲ್ಲ. ಇಂದು ಬೂಲ್ ಅವರ ಹೆಸರಿನಲ್ಲಿ ಕಲಿಸುವ ಬೀಜಗಣಿತ ಈ ವಿಷಯದಲ್ಲಿ ಜೆವನ್ಸ್ ಪಕ್ಷದಲ್ಲಿದೆ! ಜೆವನ್ಸ್ ಮುಂದೆ ಪಿಯಾನೊದಂತೆ ಕೀಲಿಮಣೆಯುಳ್ಳ ತರ್ಕಯಂತ್ರವೊಂದನ್ನು ಮಾಡಿಸಿ 1870ರಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರದರ್ಶಿಸಿದರು.

ಆ ಹೊತ್ತಿಗೆ ಬೂಲ್ ಇರಲಿಲ್ಲ. 1864ರ ನವೆಂಬರಿನಲ್ಲಿ ಜಡಿಮಳೆಯಲ್ಲಿ ಕಾಲೇಜಿಗೆ ನಡೆದುಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿ, ಜ್ವರ ಹಿಡಿದು ಮಲಗಿದರು. ಡಿಸೆಂಬರ್ 8ರಂದು, 49ರ ವಯಸ್ಸಿನಲ್ಲಿ, ತೀರಿಕೊಂಡರು. ಪತ್ನಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಸೋದರನ ಮಗಳು. ಬೂಲ್ ಚಿಂತನೆಗೆ ಭಾರತೀಯ ತರ್ಕದ ಪ್ರೇರಣೆಯಿತ್ತೆಂದು ಆಕೆ ಎಷ್ಟೋ ವರ್ಷಗಳ ನಂತರ ಬರೆದರು. ಅಭಿಮಾನದ ಆ ಒಂದು ಮಾತಿನ ಮೇಲೆ ನಾವು ಗೋಪುರ ಕಟ್ಟುವುದು ಬೇಡ.

ಬೂಲ್ ಬೀಜಗಣಿತದಿಂದ ವಿದ್ಯುತ್ ಸ್ವಿಚ್ಚುಗಳ ಜಾಲವನ್ನೇ ವಿನ್ಯಾಸಗೊಳಿಸಬಹುದೆಂದು ಅಮೆರಿಕದ ವಿದ್ಯಾರ್ಥಿ ಕ್ಲಾಡ್ ಶಾನನ್ ತೋರಿಸಿಕೊಟ್ಟದ್ದು 1937ರಲ್ಲಿ, ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ. ಗಣಕಯಂತ್ರಗಳ ವಿನ್ಯಾಸಕ್ಕೆ ಅದೇ ತಳಹದಿಯಾಯಿತು.

ತಂದೆ ತೀರಿಕೊಂಡಾಗ ಬೂಲ್ ದಂಪತಿಯ ಐವರು ಹೆಣ್ಣುಮಕ್ಕಳೂ ಚಿಕ್ಕವರು. ನಡುವಿನವಳು ಅಲಿಷಿಯಾ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳಲ್ಲ. ನಾಲ್ಕು ಆಯಾಮಗಳ ಆಕೃತಿಗಳನ್ನು ಮನಸ್ಸಿನಲ್ಲೇ ಕಂಡು, ಅವುಗಳ ಛೇದಗಳನ್ನು ರಟ್ಟಿನಲ್ಲಿ ಮಾಡಿಡುತ್ತಿದ್ದ ಆಕೆಯೊಡನೆ ನೆದರ್ಲೆಂಡ್ಸಿನ ಪ್ರಾಧ್ಯಾಪಕರೊಬ್ಬರು ಸೇರಿ ದುಡಿದರು. 1914ರಲ್ಲಿ ಗ್ರೋನಿಂಗನ್ ವಿಶ್ವವಿದ್ಯಾಲಯ ಆಕೆಗೆ ಗೌರವ ಡಾಕ್ಟರೇಟ್ ನೀಡಿತು.