ಕತ್ತಲೆ ಯಾಕೆ ಹಸಿರು?

ಟ್ಯಾಂಕ್ ಗೇಮಲ್ಲಿ ನೈಟ್ ವಿಷನ್ ಹಾಕಿದ್ರೆ ಗನ್ ಸೈಟ್ ಪೂರ್ತಿ ಹಸಿರು. ಯಾಕೆ ಅಂತ ನಾವು ಯಾವತ್ತೂ ಕೇಳಿಕೊಂಡಿರಲಿಲ್ಲ. ಇಂಥದ್ದನ್ನೇ ಕೇಳಿಕೊಳ್ಳುತ್ತಿದ್ದವರು ನಮ್ಮ ಮಲ್ಲೇಶ್ವರದಲ್ಲೇ ಇದ್ದರು: ಸರ್ ಸಿ.ವಿ. ರಾಮನ್.

1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1930ರಲ್ಲಿ ನೊಬೆಲ್ ಪಡೆದು, 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಡೈರೆಕ್ಟರ್ ಆಗಿ ಬಂದರು. 1948ರಲ್ಲಿ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಮೇಖ್ರಿ ಸರ್ಕಲ್ ಹತ್ತಿರ ತಮ್ಮದೇ ಸಂಸ್ಥೆ ಕಟ್ಟಿದರು. ಕೊನೆಗಾಲದಲ್ಲಿ ಅವರನ್ನು ಕಾಡಿದ್ದು ಕಣ್ಣು. ಮಬ್ಬು ಬೆಳಕಲ್ಲಿ ನಮಗೆ ಏನು, ಹೇಗೆ ಕಾಣುತ್ತೆ ಅಂತ ಹುಡುಕಿ, 1968ರಲ್ಲಿ ದೃಷ್ಟಿಯ ಬಗ್ಗೆ ಪುಸ್ತಕವನ್ನೇ ತಂದರು. ಅವರ ವಾದವನ್ನು ಎಲ್ಲರೂ ಒಪ್ಪಲಿಲ್ಲ. 1970ರಲ್ಲಿ ತೀರಿಕೊಂಡರು.

ನಾವೂ ಈಗ ಹುಡುಕಿದೆವು. ಮನುಷ್ಯನ ಕಣ್ಣು ಹಸಿರಿಗೇ ಹೆಚ್ಚು ಸೂಕ್ಷ್ಮ. ಅದಕ್ಕೇ ಆ ಪರದೆ ಹಸಿರು. ಆಡಿದ್ದು ವರ್ಷಗಟ್ಟಲೆ, ಕೇಳಿದ್ದು ಇವತ್ತು!