ಮರಳಿನಲ್ಲಿ ಶಕ್ತಿ ಕಂಡ ಹೋಮಿ ಭಾಭಾ

ಮಕ್ಕಳೇ, ನಿಮ್ಮ ಊರಿಗೆ ಬರುವ ಬಸ್ಸು ಡೀಸೆಲ್‌ನಿಂದ ಓಡುತ್ತದಲ್ಲವೇ? ಡೀಸೆಲ್ ತಯಾರಾಗುವುದು ಕಚ್ಚಾತೈಲದಿಂದ. ನಮ್ಮ ದೇಶ ಬಳಸುವ ಕಚ್ಚಾತೈಲದ ಹತ್ತು ಪಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಅವರು ಕೊಡುವುದನ್ನು ನಿಲ್ಲಿಸಿದರೆ? ಬೇಕಾದ ಶಕ್ತಿಯನ್ನು ದೇಶವು ತಾನೇ ಉತ್ಪಾದಿಸಿಕೊಳ್ಳುವುದೇ ಇಂಧನ ಸ್ವಾವಲಂಬನೆ. ವಿದ್ಯುತ್ತಿನ ವಿಷಯದಲ್ಲಿ ಭಾರತಕ್ಕೆ ಇಂಥ ಒಂದು ದಾರಿಯನ್ನು ತೋರಿಸಿದವರು ಡಾ. ಹೋಮಿ ಜಹಾಂಗೀರ್ ಭಾಭಾ.

ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಮಗ ಇಂಜಿನಿಯರ್ ಆಗಬೇಕೆಂಬುದು ತಂದೆಯ ಆಸೆ. ಅದರಂತೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿದರು. ಆದರೆ ಮನಸ್ಸು ಭೌತವಿಜ್ಞಾನದತ್ತ ಎಳೆಯುತ್ತಿತ್ತು. ಮುಂದೆ ಅದರಲ್ಲೇ ಸಂಶೋಧನೆ ಮಾಡಿದರು. ಚಿತ್ರ ಬಿಡಿಸುವುದೂ ಸಂಗೀತ ಕೇಳುವುದೂ ಅವರಿಗೆ ಬಲು ಇಷ್ಟ.

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಾಗ ಎರಡನೇ ಮಹಾಯುದ್ಧ ಆರಂಭವಾಯಿತು. ಮರಳಿ ಹೋಗಲಾಗಲಿಲ್ಲ. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಅಲ್ಲಿ ಸರ್ ಸಿ.ವಿ. ರಾಮನ್ ಅವರು ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. ಆಕಾಶದಿಂದ ಭೂಮಿಗೆ ಬಂದು ಬೀಳುವ ವಿಶ್ವಕಿರಣಗಳನ್ನು ಭಾಭಾ ಇಲ್ಲಿ ಅಭ್ಯಸಿಸಿದರು. ರಜೆಗೆ ಬಂದವರು ಇಲ್ಲೇ ಉಳಿದು ದೇಶದಲ್ಲಿ ವಿಜ್ಞಾನವನ್ನು ಕಟ್ಟಲು ನಿರ್ಧರಿಸಿದರು.

1944ರಲ್ಲಿ ಅವರು ಟಾಟಾ ದತ್ತಿಗೆ ಒಂದು ಪತ್ರ ಬರೆದರು. ಪರಮಾಣು ಶಕ್ತಿಯಿಂದ ವಿದ್ಯುತ್ ಉತ್ಪಾದಿಸುವ ಕಾಲ ಬಂದಾಗ ಭಾರತವು ತಜ್ಞರಿಗಾಗಿ ಹೊರದೇಶದತ್ತ ನೋಡುವಂತಾಗಬಾರದು, ಅದಕ್ಕೊಂದು ಸಂಶೋಧನಾ ಸಂಸ್ಥೆ ಬೇಕು ಎಂಬುದು ಅದರ ಸಾರ. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು. 1948ರಲ್ಲಿ ಭಾಭಾ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ 'ಅಪ್ಸರಾ' ರಿಯಾಕ್ಟರ್ ಕೆಲಸ ಆರಂಭಿಸಿತು. ನೀರಿನೊಳಗೆ ನೀಲಿ ಬೆಳಕು ಸೂಸುವ ಈ ರಿಯಾಕ್ಟರನ್ನು ಕಟ್ಟಿದವರು ನಮ್ಮವರೇ. ಆದರೆ ಇಂಧನ ಬಂದದ್ದು ಬ್ರಿಟನ್ನಿನಿಂದ! ಯಂತ್ರ ನಮ್ಮದಾದರೂ ಇಂಧನ ಪರರದಾದರೆ ಸ್ವಾವಲಂಬನೆ ಹೇಗಾದೀತು?

ಭಾಭಾ ಅವರು ನಮ್ಮ ನೆಲದಲ್ಲಿ ಏನಿದೆ ಎಂದು ಲೆಕ್ಕ ಹಾಕಿದರು. ಯುರೇನಿಯಂ ಕಡಿಮೆ. ಆದರೆ ಕೇರಳ, ತಮಿಳುನಾಡು, ಒಡಿಶಾ ಮುಂತಾದ ಕಡೆಗಳ ಕಡಲತೀರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರಲ್ಲಿ ಥೋರಿಯಂ ಹೇರಳವಾಗಿದೆ. ತೊಂದರೆಯೆಂದರೆ, ಥೋರಿಯಂ ಹಸಿ ಸೌದೆಯಂತೆ. ತಾನಾಗಿ ಹೊತ್ತಿಕೊಳ್ಳದು. ಉರಿಯುವ ಒಲೆಯ ಪಕ್ಕದಲ್ಲಿಟ್ಟ ಹಸಿ ಸೌದೆ ಒಣಗಿ, ಮರುದಿನದ ಉರುವಲಾಗುತ್ತದಲ್ಲವೇ? ಹಾಗೆಯೇ ರಿಯಾಕ್ಟರಿನಲ್ಲಿಟ್ಟ ಥೋರಿಯಂ ನ್ಯೂಟ್ರಾನ್‌ಗಳನ್ನು ಹೀರಿ, ಯುರೇನಿಯಂ-233 ಎಂಬ ಇಂಧನವಾಗಿ ಮಾರ್ಪಡುತ್ತದೆ.

ಆದ್ದರಿಂದ 1954ರಲ್ಲಿ ಅವರು ಮೂರು ಹಂತಗಳ ಯೋಜನೆ ರೂಪಿಸಿದರು. ಮೊದಲ ಹಂತದಲ್ಲಿ ನಮ್ಮಲ್ಲಿರುವ ಯುರೇನಿಯಂನಿಂದ ವಿದ್ಯುತ್ ಪಡೆಯುವುದು. ಆಗ ಪ್ಲುಟೋನಿಯಂ ಕೂಡ ಉಂಟಾಗುತ್ತದೆ. ಎರಡನೇ ಹಂತದಲ್ಲಿ ಪ್ಲುಟೋನಿಯಂ ಬಳಸಿ, ಉರಿಸಿದ್ದಕ್ಕಿಂತ ಹೆಚ್ಚು ಇಂಧನವನ್ನು ತಯಾರಿಸುವುದು. ಮೂರನೇ ಹಂತದಲ್ಲಿ ಥೋರಿಯಂನಿಂದ ವಿದ್ಯುತ್ ಪಡೆಯುವುದು.

1966ರ ಜನವರಿ 24ರಂದು ಯುರೋಪಿನ ಮಾಂಟ್ ಬ್ಲಾಂಕ್ ಪರ್ವತದಲ್ಲಿ ವಿಮಾನ ಅಪಘಾತವಾಗಿ ಭಾಭಾ ಅವರು ತೀರಿಕೊಂಡರು. ದೇಶದ ಮೊದಲ ಪರಮಾಣು ವಿದ್ಯುತ್ ಸ್ಥಾವರ ತಾರಾಪುರದಲ್ಲಿ 1969ರಲ್ಲಿ ಆರಂಭವಾದಾಗ ಅವರಿರಲಿಲ್ಲ. ಅದಕ್ಕೆ ಅಮೆರಿಕದ ಇಂಧನ ಬೇಕಿತ್ತು. 1974ರಲ್ಲಿ ಭಾರತ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಸಿದ ಮೇಲೆ ಆ ಪೂರೈಕೆಗೆ ಅಡ್ಡಿ ಬಂದಿತು. ಭಾಭಾ ಅವರ ಲೆಕ್ಕದ ಬೆಲೆ ಆಗ ಎಲ್ಲರಿಗೂ ತಿಳಿಯಿತು.

ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರುಗಳಿವೆ. ಅವು ಮೊದಲ ಹಂತದವು. ಥೋರಿಯಂನ ಮೂರನೇ ಹಂತ ಇನ್ನೂ ಬಂದಿಲ್ಲ. ದೇಶದ ವಿದ್ಯುತ್ತಿನಲ್ಲಿ ಪರಮಾಣು ಶಕ್ತಿಯ ಪಾಲು ನೂರಕ್ಕೆ ಸುಮಾರು ಮೂರು ಮಾತ್ರ. ವಿಕಿರಣ ಸೂಸುವ ತ್ಯಾಜ್ಯವನ್ನು ಬಹುಕಾಲ ಜೋಪಾನವಾಗಿ ಇಡಬೇಕಾದ ಹೊಣೆಯೂ ಇದೆ. ಭಾಭಾ ಅವರು ಆರಂಭಿಸಿದ ಲೆಕ್ಕ ಇನ್ನೂ ಮುಗಿದಿಲ್ಲ.

ಮಾಡಿ ನೋಡಿ: ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಬಳಸುವ ಇಂಧನಗಳನ್ನು ಪಟ್ಟಿ ಮಾಡಿ. ಯಾವುದು ನಿಮ್ಮ ಊರಿನದು, ಯಾವುದು ಹೊರಗಿನದು? ಗೆಳೆಯರೊಂದಿಗೆ ಚರ್ಚಿಸಿ.